ಮೂರನೇ ಕೌಂಟರಿನ ದಳಪತಿ

ನವೆಂಬರ್ ೩, ಸೋಮವಾರ

ನಾಳೆ ಸಂಜೆ ಐದು ಗಂಟೆಗೆ ‘ಏಳು ಕೋಟೆ’ ತೆರೆಯುತ್ತದೆ. ಹೆಂಡತಿಗೆ ಇನ್ನೊಮ್ಮೆ ವಿವರಿಸಿದೆ. ಇದು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಒತ್ತುವ ಆಟವಲ್ಲ. ಸಾವಿರಾರು ಜನ ತಮ್ಮ ತಮ್ಮ ಮನೆಯ ಕಂಪ್ಯೂಟರಿನಿಂದ ಒಂದೇ ಲೋಕಕ್ಕೆ ಇಳಿದು, ಪಡೆ ಕಟ್ಟಿಕೊಂಡು ಕಾದಾಡುವಂಥದ್ದು. ಇಷ್ಟು ಕಾಲ ನಾವು ಆಡುತ್ತಿದ್ದ ಹಳೆಯ ಆಟಕ್ಕೆ ಕಂಪನಿಯವರು ಹೋದ ತಿಂಗಳು ಬೀಗ ಹಾಕಿದರು. ಹನ್ನೊಂದು ವರ್ಷ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಉಳಿದಿರುವುದು ನಮ್ಮ ಹೆಸರೊಂದೇ: ಅಜೇಯ ಪಡೆ. ಅದರ ದಳಪತಿ ನಾನು.

ಹೊಸ ಆಟದಲ್ಲಿ ಹೆಸರು ಪಡೆಯುವ ಕ್ರಮ ಹೀಗಿದೆ. ರಾಜಧಾನಿಯ ಚೌಕದಲ್ಲಿ ಒಂದು ಕಲ್ಲಿದೆ. ಪಡೆಯ ಹತ್ತು ಜನ ಒಂದೇ ಹೊತ್ತಿಗೆ ಅದರ ಸುತ್ತ ನಿಂತಿರಬೇಕು, ದಳಪತಿ ಕಲ್ಲಿನ ಮೇಲೆ ಕೈಯಿಟ್ಟು ಹೆಸರು ಬರೆಯಬೇಕು. ಮೊದಲು ಬರೆದವರದ್ದೇ ಹೆಸರು. ಆಮೇಲೆ ಬ್ರಹ್ಮ ಬಂದರೂ ಅಳಿಸಲಾಗದು. ನಾವೀಗ ಸರಿಯಾಗಿ ಹತ್ತು ಜನ ಇದ್ದೇವೆ. ಒಬ್ಬರು ತಪ್ಪಿದರೂ ಇಲ್ಲ. ಮೊದಲು ಇಪ್ಪತ್ತೆರಡು ಇದ್ದೆವು. ನನ್ನ ಉಪದಳಪತಿಯಾಗಿದ್ದ ಬಿರುಗಾಳಿ ಎಂಬ ಮಹಾಶಯ, “ನಿಮ್ಮ ಸುತ್ತೋಲೆ ಓದೋದ್ರಲ್ಲೇ ಹೊತ್ತು ಹೋಗತ್ತೆ, ಆಟ ಯಾವಾಗ ಆಡೋದು?” ಎಂದು ಹೇಳಿ ಅರ್ಧಕ್ಕಿಂತ ಹೆಚ್ಚು ಜನರನ್ನು ಎಬ್ಬಿಸಿಕೊಂಡು ಹೋದ. ಅವನ ಕಣ್ಣೂ ಈ ಹೆಸರಿನ ಮೇಲೇ ಇದೆಯಂತೆ.

ಇಂದು ಹೊಸ ಸುತ್ತೋಲೆ ಹೊರಡಿಸಿದೆ. ಒಂದನೇ ನಿಯಮ, ದಳಪತಿಯ ಮಾತೇ ಕೊನೆಯ ಮಾತು. ಎರಡು, ಎಲ್ಲರೂ ಎಲ್ಲರನ್ನೂ ಬಹುವಚನದಲ್ಲೇ ಕರೆಯತಕ್ಕದ್ದು. ಮೂರು, ಹೇಳಿದ ಹೊತ್ತಿಗೆ ಹಾಜರಿರತಕ್ಕದ್ದು. ನಾಲ್ಕು, ಯಾರೂ ಯಾರ ಊರು, ಉದ್ಯೋಗ, ನಿಜವಾದ ಹೆಸರು ಕೇಳಕೂಡದು, ಹೇಳಲೂ ಕೂಡದು. ನಾಲ್ಕನೆಯದು ಹನ್ನೊಂದು ವರ್ಷಗಳಿಂದ ಜಾರಿಯಲ್ಲಿದೆ. ದಳಪತಿಯೊಬ್ಬ ಹಗಲೆಲ್ಲ ನೀರು ಸರಬರಾಜು ಕಚೇರಿಯ ಮೂರನೇ ಕೌಂಟರಿನಲ್ಲಿ ಕೂತು ಮೀಟರಿನ ಅರ್ಜಿಗೆ ಸೀಲು ಹೊಡೆಯುತ್ತಾನೆ ಎಂದು ತಿಳಿದರೆ ಯಾವ ಸೈನಿಕ ತಾನೇ ಮಾತು ಕೇಳಿಯಾನು?

ಕೌಂಟರಿನ ಹಳೆಯ ರಟ್ಟಿನ ಬೋರ್ಡು ಹರಿದುಹೋಗಿತ್ತು. ಮನೆಯ ಬಾಗಿಲಿಗೆ ಹಚ್ಚಿ ಮಿಕ್ಕಿದ್ದ ಹಳದಿ ಬಣ್ಣದಲ್ಲಿ ಒಂದು ಹಲಗೆಯ ಮೇಲೆ ‘ಸ್ವಲ್ಪ ಕಾಯಿರಿ’ ಎಂದು ನಾನೇ ಬರೆದು, ಕೆಳಗೆ ಒಂದು ಹೂವನ್ನೂ ಬಿಡಿಸಿದೆ. ಒಂದು ಎಸಳು ಸೊಟ್ಟಗಾಯಿತು ಎಂದು ಹೆಂಡತಿ ನಕ್ಕಳು. ಉಳಿದ ಕೌಂಟರಿನವರು ಹೇಳದೆ ಕೇಳದೆ ಎದ್ದು ಹೋಗುತ್ತಾರೆ. ನಾನು ಬೋರ್ಡು ತೂಗುಹಾಕಿ ಹೋಗುತ್ತೇನೆ. ಸೌಜನ್ಯ ಎಂದರೆ ಅದು.

ನವೆಂಬರ್ ೪, ಮಂಗಳವಾರ

ಮಧ್ಯಾಹ್ನ ಹೊಟ್ಟೆನೋವೆಂದು ಹೇಳಿ ಅರ್ಧ ದಿನ ರಜೆ ಹಾಕಿ ಬಂದೆ. ಐದಕ್ಕೆ ಸರಿಯಾಗಿ ಗುಂಡಿ ಒತ್ತಿದೆ. ಕೋಟೆಯ ಬಾಗಿಲಿನ ಚಿತ್ರ ಬಂತು, ಅದರ ಪಕ್ಕದಲ್ಲಿ ಉರಿಯುವ ಒಂದು ಪಂಜು, ಕೆಳಗೆ ಎರಡೇ ಪದ: ಸ್ವಲ್ಪ ಕಾಯಿರಿ.

ನನ್ನ ಮುಂದೆ ಒಂಬತ್ತು ಸಾವಿರ ಜನ. ಇರಲಿ ಎಂದು ಕೂತೆ. ಅರ್ಧ ಗಂಟೆಯ ಮೇಲೆ ನೋಡಿದರೆ ಒಂಬತ್ತು ಸಾವಿರದ ಮುನ್ನೂರು. ಸಾಲು ಹಿಂದಕ್ಕೆ ನಡೆಯುವುದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಹೆಚ್ಚು ಕಾಸು ಕೊಟ್ಟವರನ್ನು ಪಕ್ಕದ ಬಾಗಿಲಿನಿಂದ ಬಿಡುತ್ತಿದ್ದಾರಂತೆ. ಇದು ಅನ್ಯಾಯವಲ್ಲದೆ ಇನ್ನೇನು? ನಮ್ಮ ಕಚೇರಿಯಲ್ಲೂ ಪರಿಚಯದವರು ಪಕ್ಕದ ಬಾಗಿಲಿನಿಂದ ಬರುತ್ತಾರೆ, ಆದರೆ ಅದು ಸ್ನೇಹ, ವ್ಯಾಪಾರವಲ್ಲ. ಇದರ ಜೊತೆಗೆ ಇನ್ನೊಂದು ಕಾಟ: ಕಾಲು ಗಂಟೆಗೊಮ್ಮೆ ಯಾವುದಾದರೂ ಕೀಲಿ ಒತ್ತದಿದ್ದರೆ, ನಿದ್ದೆ ಹೋಗಿದ್ದಾನೆ ಎಂದು ತಿಳಿದು ಸಾಲಿನಿಂದ ಆಚೆ ಹಾಕುತ್ತಾರೆ. ಕಾಫಿ ಮಾಡಿಕೊಳ್ಳಲು ಎದ್ದು ಹೋಗಿ ಬರುವಷ್ಟರಲ್ಲಿ ನನ್ನನ್ನು ಆಚೆ ಹಾಕಿದ್ದರು. ಮತ್ತೆ ಬಾಲದಿಂದ ಶುರು.

ಕಂಪನಿಗೆ ಖಾರವಾದ ಪತ್ರ ಬರೆದೆ. “ಸ್ವಲ್ಪ ಎಂದರೆ ಎಷ್ಟು? ಕಾಯುವವನಿಗೆ ಮನೆ ಮಠ ಇಲ್ಲವೆ? ಕೂತಲ್ಲೇ ಬೇರು ಬಿಡಬೇಕೆ?” ಉತ್ತರ ತಾನಾಗಿಯೇ ಬಂತು: ನಿಮ್ಮ ದೂರು ತಲುಪಿದೆ, ಸ್ವಲ್ಪ ಕಾಯಿರಿ.

ಬೆಳಗ್ಗೆ ಕಚೇರಿಯಲ್ಲಿ ಒಂದು ತಮಾಷೆ. ನಮ್ಮ ಹಾಲಿನಲ್ಲಿರುವ ಬೆಂಚಿನ ಕಾಲು ಮುರಿದು ವರ್ಷವಾಗಿದೆ. ಜನ ನಿಂತೇ ಇರುತ್ತಾರೆ, ಅವರಿಗೂ ಅಭ್ಯಾಸವಾಗಿದೆ. ಇವತ್ತು ಒಬ್ಬ ಹೆಂಗಸು ಮನೆಯಿಂದಲೇ ಮಡಚುವ ಸ್ಟೂಲು ತಂದು, ಬಿಡಿಸಿ, ನನ್ನ ಕೌಂಟರಿನ ಎದುರಿಗೆ ಕೂತುಬಿಟ್ಟಳು. ಸಿನಿಮಾ ನೋಡಲು ಬಂದವರ ಹಾಗೆ. ನಾನು ಬೋರ್ಡು ತೂಗುಹಾಕಿ ಏಳುವಾಗ ಕೇಳಿದಳು, “ಸ್ವಲ್ಪ ಅಂದ್ರೆ ಎಷ್ಟು ಸಾರ್?” ಇಂಥ ಪ್ರಶ್ನೆಗೆ ಏನೆಂದು ಉತ್ತರ ಕೊಡುವುದು? ಸ್ವಲ್ಪ ಎಂದರೆ ಸ್ವಲ್ಪ.

ನವೆಂಬರ್ ೫, ಬುಧವಾರ

ಕಚೇರಿಗೆ ಹೋಗುವ ಮುನ್ನ ಸಾಲಿಗೆ ಸೇರಿ, ಹೆಂಡತಿಯನ್ನು ಕೀಲಿಮಣೆಯ ಎದುರು ಕೂರಿಸಿದೆ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರನ್ನು ನೋಡಿಕೊಳ್ಳುವವಳು. ಇವತ್ತು ಮಧ್ಯಾಹ್ನದ ಪಾಳಿ. ಹನ್ನೊಂದಕ್ಕೆ ಫೋನ್ ಬಂತು.

“ರೀ, ಎಷ್ಟೊತ್ತು ಅಂತ ಯಾರ್ನ ಕೇಳ್ಬೇಕು ಇದ್ರಲ್ಲಿ?”

“ಯಾರನ್ನೂ ಕೇಳೋಕಾಗಲ್ಲ. ಸುಮ್ನೆ ಒತ್ತು.”

“ನಮ್ಮ ಕ್ಲಿನಿಕ್ಕಲ್ಲಿ ಹತ್ತು ನಿಮಿಷ ಲೇಟಾದ್ರೂ ನಾನೇ ಎದ್ದು ಹೋಗಿ ಹೇಳ್ತೀನಿ. ಎಷ್ಟೊತ್ತು ಅಂತ ಗೊತ್ತಾದ್ರೆ ಹಲ್ಲುನೋವೇ ಅರ್ಧ ಕಮ್ಮಿ ಆಗತ್ತೆ ಜನಕ್ಕೆ. ನಾನು ಅಡುಗೆಗೆ ಎದ್ದೆ.”

ಎದ್ದೇಬಿಟ್ಟಳು. ಮತ್ತೆ ಬಾಲ.

ನವೆಂಬರ್ ೬, ಗುರುವಾರ

ಬುದ್ಧಿ ಇದ್ದವನಿಗೆ ಹೆಂಡತಿಯ ಹಂಗು ಬೇಡ ಎಂದುಕೊಂಡು, ಕಚೇರಿಯಿಂದ ತಂದಿದ್ದ ಪೇಪರ್‌ವೇಟನ್ನು ಕೀಲಿಯೊಂದರ ಮೇಲಿಟ್ಟು ಕೆಲಸಕ್ಕೆ ಹೋದೆ. ಯಾರೂ ಕೂರಬೇಕಿಲ್ಲ, ಒತ್ತಬೇಕಿಲ್ಲ. ಕಾಯುವ ಕೆಲಸವನ್ನು ಗಾಜಿನ ಗುಂಡಿಗೆ ವಹಿಸಿದ ಮೊದಲ ದಳಪತಿ ನಾನೇ ಇರಬೇಕು.

ಮಧ್ಯಾಹ್ನ, ಫೋನ್ ನಂಬರು ಕಾಣದೆ ಆಟದ ಹೆಸರಷ್ಟೇ ಕಾಣುವ ಪಡೆಯ ಚಾಟ್ ಗುಂಪಿನಲ್ಲಿ ಗುರಾಣಿಯವರಿಂದ ಸಂದೇಶ. (ಮುಂದೆ ನಿಂತು ಏಟು ತಿನ್ನುವುದು ಅವರ ಕೆಲಸ, ಹಾಗಾಗಿ ಆ ಹೆಸರು.) “ದಳಪತಿಗಳೇ, ಒಳಗೆ ಬಂದ್ರಾ? ಈಗ್ತಾನೆ ನಿಮ್ಮನ್ನ ನೋಡಿದೆ. ಎಲ್ಲಿಗೆ ಹೊರಟ್ರಿ? ಎಷ್ಟು ಕೂಗಿದ್ರೂ ನಿಲ್ಲಲಿಲ್ಲವಲ್ಲ.”

ಆಗ ಹೊಳೆಯಿತು. ಪೇಪರ್‌ವೇಟು ಕೂತಿದ್ದದ್ದು ‘ಮುಂದಕ್ಕೆ ನಡೆ’ ಎಂಬ ಕೀಲಿಯ ಮೇಲೆ. ನಾನು ಕಚೇರಿಯಲ್ಲಿದ್ದಾಗ ಸಾಲು ಕರಗಿ, ಬಾಗಿಲು ತೆರೆದು, ನನ್ನ ವೀರ ಒಳಗೆ ಹೋಗಿ, ನೆಟ್ಟಗೆ ನಡೆಯತೊಡಗಿದ್ದ. ಚೌಕ ದಾಟಿ, ಕಲ್ಲಿನ ಪಕ್ಕದಲ್ಲೇ ಹಾದು, ಊರಬಾಗಿಲಿನಿಂದ ಹೊರಬಿದ್ದು, ಸಮುದ್ರಕ್ಕೆ ಇಳಿದು ಮುಳುಗಿ ಸತ್ತ. ಸತ್ತವನು ದಡದಲ್ಲಿ ಮತ್ತೆ ಹುಟ್ಟುತ್ತಾನೆ. ಹುಟ್ಟಿದವನೇ ಮತ್ತೆ ಸಮುದ್ರಕ್ಕೆ ನಡೆದ. ನಾನು ಬಸ್ಸು ಹಿಡಿದು ಮನೆ ಸೇರುವವರೆಗೂ ಇದೇ ನಡೆದಿತ್ತು. ಇದನ್ನು ನೋಡಲು ಜನ ಸೇರಿದರಂತೆ. ನೀರಿನೊಳಗೆ ನಿಧಿ ಇರಬೇಕು, ಇಲ್ಲದಿದ್ದರೆ ಇಷ್ಟು ಖಚಿತವಾಗಿ ಯಾರು ಸಾಯುತ್ತಾರೆ ಎಂದು ಲೆಕ್ಕ ಹಾಕಿ ಅರವತ್ತೆಪ್ಪತ್ತು ಜನ ನನ್ನ ಹಿಂದೆಯೇ ಇಳಿದು ಮುಳುಗಿದರಂತೆ. ನನಗೀಗ ‘ಜಲಸಮಾಧಿ ಸ್ವಾಮಿ’ ಎಂಬ ಹೆಸರಾಗಿದೆ. ಇಟ್ಟವನು ಬಿರುಗಾಳಿ.

ನಾನು ಬಂದು ಕೂರುವಷ್ಟರಲ್ಲಿ ಸರ್ವರ್ ಬಿದ್ದು ಎಲ್ಲರೂ ಆಚೆಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನವೆಂಬರ್ ೭, ಶುಕ್ರವಾರ

ಸಂಜೆಯೆಲ್ಲ ಪಂಜು ನೋಡುತ್ತ ಕೂತೆವು. ಹೊತ್ತು ಹೋಗಬೇಕಲ್ಲ, ಗುಂಪಿನಲ್ಲಿ ಮಾತು ಶುರುವಾಯಿತು. ಗುರಾಣಿಯವರು ತಾವು ಬೇಕರಿಗಳಿಗೆ ಬ್ರೆಡ್ಡು ಹಂಚುವ ವ್ಯಾನು ಓಡಿಸುವುದಾಗಿ ಹೇಳಿಬಿಟ್ಟರು. ನಾಲ್ಕನೇ ನಿಯಮವನ್ನು ನೆನಪಿಸಿದೆ. ಅಷ್ಟರಲ್ಲಿ ಇನ್ನೊಬ್ಬರು ತಮ್ಮ ಮಗಳ ಮದುವೆಯ ಸಂಗತಿ ತೆಗೆದರು. ಯಾರು ಯಾರನ್ನು ತಡೆಯುವುದು?

ಮದ್ದಿನಪೆಟ್ಟಿಗೆಯವರು ಎಂದೂ ಸ್ವಂತದ್ದೇನೂ ಹೇಳಿದವರಲ್ಲ. ಗಾಯಗೊಂಡವರನ್ನು ಬದುಕಿಸುವುದು ಅವರ ಕೆಲಸ. ಹಳೆಯ ಆಟದಲ್ಲಿ ಅವರಿಂದಾಗಿ ನಾನು ಎಷ್ಟು ಸಲ ಎದ್ದು ನಿಂತಿದ್ದೇನೋ ಲೆಕ್ಕವಿಲ್ಲ. ಇಂದು ಅವರೂ ಬರೆದರು: “ನಮ್ಮನೇಲಿ ಹತ್ತು ದಿನದಿಂದ ನೀರಿಲ್ಲ. ಮೀಟರ್ ಕೆಟ್ಟು ಕೂತಿದೆ. ಕೆಳಗಿನ ಮನೆಯಿಂದ ಮೂರು ಮಹಡಿ ಬಕೆಟ್ ಹೊರ್ತಿದೀನಿ. ಕೈ ನಡುಗತ್ತೆ, ಟೈಪು ತಪ್ಪಾದ್ರೆ ಬೇಜಾರ್ ಮಾಡ್ಕೋಬೇಡಿ.”

“ನಾಲ್ಕನೇ ನಿಯಮ” ಎಂದೆ. ಆಮೇಲೆ ಯಾಕೋ ಸರಿಯೆನಿಸದೆ, “ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸುವುದು” ಎಂದೂ ಸೇರಿಸಿದೆ.

“ಸಂಪರ್ಕಿಸಿ ಸಂಪರ್ಕಿಸಿ ಸಾಕಾಗಿದೆ ದಳಪತಿಗಳೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.”

ಪಾಪ, ಎಂಥ ಕಚೇರಿಯೋ. ಅಷ್ಟರಲ್ಲಿ ಕರೆಂಟು ಹೋಗಿ ಸಾಲಿನಿಂದ ಬಿದ್ದೆ. ಅದೇ ಹೊತ್ತಿಗೆ ಮದ್ದಿನಪೆಟ್ಟಿಗೆಯವರಲ್ಲೂ ಕರೆಂಟು ಹೋಯಿತಂತೆ. ಲೋಕದಲ್ಲಿ ಎಂತೆಂಥ ಕಾಕತಾಳೀಯಗಳಿರುತ್ತವೆ.

ಕಚೇರಿ: ಸ್ಟೂಲಿನ ಹೆಂಗಸು ಅರ್ಜಿ ತಂದಿದ್ದಳು. ಸಹಿ ನೀಲಿ ಶಾಯಿಯಲ್ಲಿತ್ತು. ಕಪ್ಪು ಶಾಯಿಯಲ್ಲಿ ಮಾಡಿ ತನ್ನಿ ಎಂದೆ. ಪೆನ್ನು ಕೊಡಿ, ಇಲ್ಲೇ ಮಾಡುತ್ತೇನೆ ಎಂದಳು. ಕಚೇರಿಯ ಪೆನ್ನು ಸಾರ್ವಜನಿಕರಿಗಲ್ಲ.

ನವೆಂಬರ್ ೯, ಭಾನುವಾರ

ನಿನ್ನೆ ಬರೆಯುವಂಥದ್ದೇನೂ ಇರಲಿಲ್ಲ. ಒಬ್ಬರು ಒಳಗೆ ಹೋದರೆ ಇಬ್ಬರು ಆಚೆ ಬೀಳುತ್ತಾರೆ. ಒಮ್ಮೆ ಏಳು ಜನ ಸೇರಿದ್ದೆವು, ಅಷ್ಟೆ. ಬಿರುಗಾಳಿಯ ಕಡೆಯವರು ಎಂಟರವರೆಗೆ ಮುಟ್ಟಿದ್ದರಂತೆ. ಅದನ್ನು ಕೇಳಿದಾಗಿನಿಂದ ಊಟ ರುಚಿಸುತ್ತಿಲ್ಲ. ಹೆಸರು ಹೋದರೆ ಹನ್ನೊಂದು ವರ್ಷವೂ ಹೋದ ಹಾಗೆ. ನನಗೆ ಬೇರೆ ಎಲ್ಲಿಯೂ ಯಾರೂ ದಳಪತಿ ಎನ್ನುವುದಿಲ್ಲ.

ಮಂಗಳವಾರ ಹೊಸ ಸರ್ವರ್‌ಗಳನ್ನು ಸೇರಿಸುತ್ತಾರೆಂದು ಪ್ರಕಟಣೆ ಬಂದಿದೆ. ಅಂದು ಸಂಜೆ ಐದಕ್ಕೆ ಹತ್ತೂ ಜನ ಕಲ್ಲಿನ ಬಳಿ ಹಾಜರಿರತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ. ಎಲ್ಲರೂ ಒಪ್ಪಿದರು.

ಮದ್ದಿನಪೆಟ್ಟಿಗೆಯವರು ಬರೆದರು: “ಮಂಗಳವಾರ ನನಗೆ ರಜ. ಮಧ್ಯಾಹ್ನ ಆ ನೀರಿನ ಕೆಲಸಕ್ಕೆ ಹೋಗ್ತೀನಿ. ನಾಲ್ಕಕ್ಕೆ ಕೌಂಟರ್ ಮುಚ್ತಾರೆ, ಆದ್ರೂ ಆಯ್ತು ಆಗ್ದಿದ್ರೂ ಆಯ್ತು, ಐದಕ್ಕೆ ಮನೇಲಿರ್ತೀನಿ. ಹನ್ನೊಂದು ವರ್ಷದಲ್ಲಿ ಒಂದು ಸಲನಾದ್ರೂ ತಪ್ಪಿಸಿದೀನಾ?”

ಇಲ್ಲ. ಒಂದು ಸಲವೂ ಇಲ್ಲ. ಉಳಿದವರಲ್ಲಿ ಯಾರ ಬಗ್ಗೆಯೂ ಈ ಮಾತು ಹೇಳಲಾರೆ.

ನವೆಂಬರ್ ೧೧, ಮಂಗಳವಾರ, ಸಂಜೆ ಆರು

ಮುಗಿಯಿತು. ನಡೆದದ್ದನ್ನು ಬರೆದಿಡುತ್ತೇನೆ.

ಮಧ್ಯಾಹ್ನ ಎರಡೂವರೆಗೇ ಕೌಂಟರಿನಿಂದ ಎದ್ದೆ. ಮೊದಲೇ ಸಾಲಿಗೆ ಸೇರದಿದ್ದರೆ ಐದಕ್ಕೆ ಒಳಗಿರುವುದು ಹೇಗೆ? ಮೇಲಿನವರಿಗೆ ಹೊಟ್ಟೆನೋವೆಂದೆ. ಎದುರಿಗೆ ಹತ್ತು ಹನ್ನೆರಡು ಜನ ಇದ್ದರು. ಬೋರ್ಡು ತೂಗುಹಾಕಿದೆ. ಕಾವಲುಗಾರ ಕೇಳಿದ, “ಇವರಿಗೆಲ್ಲ ಏನು ಹೇಳ್ಲಿ ಸಾರ್? ಇವತ್ತು ಆಗಲ್ಲ ಅಂದ್ಬಿಡ್ಲಾ?” ಬೇಡವೆಂದೆ. ‘ಇವತ್ತು ಆಗುವುದಿಲ್ಲ’ ಎಂದರೆ ಜನ ದೂರು ಬರೆಯುತ್ತಾರೆ. ‘ಸ್ವಲ್ಪ ಕಾಯಿರಿ’ ಎಂದರೆ ಬರೆಯುವುದಿಲ್ಲ, ಕಾಯುತ್ತಿರುತ್ತಾರಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಲಿತ ವಿದ್ಯೆ.

ನಾಲ್ಕೂಮುಕ್ಕಾಲಿಗೆ ನಾನು ಚೌಕದಲ್ಲಿದ್ದೆ. ಐದಕ್ಕೆ ಒಂಬತ್ತು ಜನ ಕಲ್ಲಿನ ಸುತ್ತ. ಮದ್ದಿನಪೆಟ್ಟಿಗೆಯವರಿಲ್ಲ. ಐದೂಕಾಲು, ಐದೂವರೆ, ಇಲ್ಲ. ಫೋನ್ ಮಾಡೋಣವೆಂದರೆ ಅವರ ನಂಬರು ಯಾರಲ್ಲೂ ಇಲ್ಲ. ಗುಂಪಿನಲ್ಲಿ ಕಳಿಸಿದ ಸಂದೇಶವನ್ನು ಅವರು ಓದಿಲ್ಲ. ಮನೆಯೆಲ್ಲಿ, ನೆರೆಯವರ್ಯಾರು, ಏನೂ ಗೊತ್ತಿಲ್ಲ, ನಿಯಮ ನಾಲ್ಕು. ಕಲ್ಲಿನ ಆ ಬದಿಯಲ್ಲಿ ಬಿರುಗಾಳಿಯ ಪಡೆ ಒಬ್ಬೊಬ್ಬರಾಗಿ ಕೂಡುತ್ತಿತ್ತು. ಎಂಟಾದರು, ಒಂಬತ್ತಾದರು. ನಮ್ಮ ಕಡೆ ಒಂಬತ್ತು, ಅವರ ಕಡೆ ಒಂಬತ್ತು, ಮಧ್ಯೆ ಕಲ್ಲು. ಆರಕ್ಕೆ ಹತ್ತು ನಿಮಿಷವಿದ್ದಾಗ ಅವರ ಹತ್ತನೆಯವನು ಕುದುರೆ ಓಡಿಸಿಕೊಂಡು ಬಂದ.

ಆಕಾಶದಲ್ಲಿ ಬಂಗಾರದ ಅಕ್ಷರ ಮೂಡಿತು. ಅಜೇಯ ಪಡೆ. ದಳಪತಿ: ಬಿರುಗಾಳಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅತ್ತೆ. ನಲವತ್ತಾರು ವರ್ಷದ ಗಂಡಸು ಕಂಪ್ಯೂಟರಿನ ಮುಂದೆ ಕೂತು ಅತ್ತೆ. ಹೆಂಡತಿ ನೀರಿನ ಲೋಟ ತಂದಿಟ್ಟು ಹೋದಳು.

ಅದೇ ದಿನ, ಊಟವಾದ ಮೇಲೆ

ಏಳಕ್ಕೆ ಮದ್ದಿನಪೆಟ್ಟಿಗೆಯವರು ಬಂದರು. ಉದ್ದಕ್ಕೆ ಬರೆದರು, ಅಷ್ಟನ್ನೂ ಇಲ್ಲಿ ಇಳಿಸಿಕೊಳ್ಳುತ್ತೇನೆ.

“ಎಲ್ಲರೂ ಕ್ಷಮಿಸಿ. ಮೊಬೈಲ್ ಮಧ್ಯಾಹ್ನವೇ ಸತ್ತುಹೋಗಿತ್ತು. ಕೌಂಟರ್ ಹತ್ರ ಹೋದೆ, ನನ್ನ ಮುಂದೆ ಇಬ್ಬರೇ ಇದ್ರು. ಅಷ್ಟರಲ್ಲಿ ಅವನು ಬೋರ್ಡ್ ಹಾಕಿ ಎದ್ದು ಹೋದ. ಕಾವಲಿನವರನ್ನ ಕೇಳಿದ್ರೆ ಕಾಯಿರಿ ಅಂದ್ರು. ಇವತ್ತು ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಮೂರಕ್ಕೆಲ್ಲ ಮನೇಲಿರ್ತಿದ್ದೆ. ನಾಲ್ಕಕ್ಕೆ ಏಳೋಣ ಅಂದ್ಕೊಂಡೆ. ಆದ್ರೆ ಎರಡು ವಾರದಿಂದ ಬಕೆಟ್ ಹೊತ್ತಿದೀನಲ್ಲ, ಇನ್ನೇನು ಬಂದ, ಬಂದೇಬಿಟ್ಟ ಅನ್ನೋ ಆಸೆ. ಕಚೇರಿ ಬಾಗಿಲು ಹಾಕೋವರೆಗೂ ಕೂತಿದ್ದೆ. ನನ್ನಿಂದ ಹೆಸರು ಹೋಯ್ತು.”

ನನಗೆ ಮೈ ಉರಿಯಿತು. ಪಡೆಯ ಪರವಾಗಿ ಬರೆದೆ: “ತಪ್ಪು ನಿಮ್ಮದಲ್ಲ. ಅಂಥ ನೌಕರರನ್ನು ಚೌಕದ ಕಲ್ಲಿಗೆ ಕಟ್ಟಿ ಹಾಕಬೇಕು. ಜನರ ಹೊತ್ತಿಗೆ ಬೆಲೆ ಕೊಡದವನು ಮನುಷ್ಯನೇ ಅಲ್ಲ.” ಎಂಟು ಜನ ಹೌದೆಂದರು. ಗುರಾಣಿಯವರು ಬರೆದದ್ದನ್ನು ಇಲ್ಲಿ ಇಳಿಸಿಕೊಳ್ಳುವ ಹಾಗಿಲ್ಲ.

ಮದ್ದಿನಪೆಟ್ಟಿಗೆಯವರು ಮುಂದುವರಿಸಿದರು: “ಬೆಂಚಿನ ಕಾಲು ಮುರಿದಿದೆ ಅಂತ ನಾನು ಮನೆಯಿಂದ ಸ್ಟೂಲ್ ತಗೊಂಡು ಹೋಗ್ತೀನಿ ನೋಡಿ. ಕೂತು ಕೂತು ಆ ಬೋರ್ಡು ಬಾಯಿಪಾಠ ಆಗಿದೆ. ಸ್ವಲ್ಪ ಕಾಯಿರಿ. ಅದರ ಕೆಳಗೆ ಒಂದು ಹೂವು ಬೇರೆ ಬಿಡಿಸಿದಾನೆ ಪುಣ್ಯಾತ್ಮ.”

ಬಟ್ಟೆ ಮಡಚುತ್ತಿದ್ದ ಹೆಂಡತಿ ಹಿಂದಿನಿಂದ ಓದುತ್ತಿದ್ದಾಳೆಂದು ನನಗೆ ತಿಳಿದಿರಲಿಲ್ಲ.

“ಹಳದಿ ಹೂವಾ ರೀ?” ಎಂದಳು.

ನಾನು ಪರದೆಯನ್ನು ಆರಿಸಿದೆ.

“ಮಾಡಿದ್ದುಣ್ಣೋ ಮಹಾರಾಯ” ಎಂದು ಹೇಳಿ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನವೆಂಬರ್ ೧೨, ಬುಧವಾರ

ನಿದ್ದೆ ಬರಲಿಲ್ಲವಾದ್ದರಿಂದ ಕಚೇರಿಗೆ ಬೇಗ ಹೋದೆ. ಬೇರೆ ಕೆಲಸವಿರಲಿಲ್ಲವಾದ್ದರಿಂದ ಕೌಂಟರನ್ನೂ ಬೇಗ ತೆರೆದೆ. ಮುರಿದ ಬೆಂಚು ಅಲ್ಲಾಡಿದಾಗಲೆಲ್ಲ ಕಿರ್‌ ಎಂದು ತಲೆನೋವು ಬರಿಸುತ್ತದೆ. ಬಡಗಿಯನ್ನು ಕರೆಸಿ ಕಾಲು ಹಾಕಿಸಿದೆ. ಜನ ಬಂದು ಬಂದು ಎಷ್ಟು ಹೊತ್ತು, ಎಷ್ಟು ಹೊತ್ತು ಎಂದು ಕೇಳುವ ಕಾಟ ತಪ್ಪಲೆಂದು, ಮುಂದೆ ಎಷ್ಟು ಜನರಿದ್ದಾರೆ, ಸುಮಾರು ಎಷ್ಟು ಹೊತ್ತಾದೀತು ಎಂದು ನಾನೇ ಆಗಾಗ ಎದ್ದು ಹೇಳಿದೆ. ಬೋರ್ಡಿನ ದಾರ ಸವೆದಂತೆ ಕಂಡಿತು. ಡ್ರಾಯರಿನಲ್ಲಿಟ್ಟೆ.

ಸ್ಟೂಲು ಬರಲಿಲ್ಲ. ನಾಲ್ಕರವರೆಗೂ ಬಾಗಿಲ ಕಡೆಗೇ ನೋಡಿದೆ.

ಗುಂಪಿನಲ್ಲಿ ಹೇಳಬೇಕೆಂದು ಎರಡು ಸಲ ಟೈಪು ಮಾಡಿ ಅಳಿಸಿದೆ.

ನವೆಂಬರ್ ೧೩, ಗುರುವಾರ

ಹನ್ನೊಂದರ ಹೊತ್ತಿಗೆ ಬಂದರು. ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಸ್ಟೂಲು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಬಕೆಟಿನ ಹಿಡಿ ಒತ್ತಿ ಎರಡೂ ಅಂಗೈ ಕೆಂಪಾಗಿದ್ದವು. ಬೆಂಚನ್ನು ನೋಡಿ, ಕೈಯಿಂದ ಅಲ್ಲಾಡಿಸಿ ಪರೀಕ್ಷಿಸಿ, ಸ್ಟೂಲನ್ನು ಮಡಚಿಟ್ಟು ಕೂತರು. ಸಾಲು ಬಿಟ್ಟು ಅವರನ್ನೇ ಮೊದಲು ಕರೆಯೋಣವೆನ್ನಿಸಿತು. ಆದರೆ ಮುಂದಿದ್ದ ಮೂವರೂ ಕಾದವರೇ ತಾನೆ.

ಅವರ ಸರದಿ ಬಂದಾಗ ಎದ್ದು ನಿಂತೆ. ಯಾಕೆ ಎದ್ದೆನೋ.

“ಸಾರ್, ಕಪ್ಪು ಶಾಯೀಲೇ ಮಾಡಿದೀನಿ. ಇನ್ನೇನೂ ಬಾಕಿ ಇಲ್ವಲ್ಲ?”

“ಏನೂ ಇಲ್ಲಮ್ಮ. ಆಗ್ಬೇಕಾಗಿದ್ದೂ ಇಷ್ಟೆ.”

ಸೀಲು ಹೊಡೆದು, ಮೇಲಿನವರ ಸಹಿಯನ್ನು ನಾನೇ ಹೋಗಿ ಹಾಕಿಸಿಕೊಂಡು ಬಂದು, ಮೀಟರಿನವನಿಗೆ ಅವರೆದುರಿಗೇ ಫೋನ್ ಮಾಡಿ ಇವತ್ತೇ ಹೋಗಬೇಕೆಂದು ಹೇಳಿದೆ. ಎಲ್ಲ ಸೇರಿ ಒಂದು ಕಾಫಿ ಕುಡಿಯುವಷ್ಟು ಹೊತ್ತು. ಇಷ್ಟಕ್ಕೆ ಅವರು ಎರಡು ವಾರ ಓಡಾಡಿದ್ದರು. ನಾಚಿಕೆಯಾಯಿತು. ಗಾಜಿನ ಕಿಂಡಿಯಿಂದ ಹೇಳಿಬಿಡಬೇಕೆಂದು ಬಾಯಿ ತೆರೆದೆ. “ಮುಂದಿನವರು ಬನ್ನಿ” ಎಂಬ ಮಾತು ಹೊರಬಂತು.

ಸಂಜೆ ಒಂಬತ್ತು ಜನ ಚೌಕದಲ್ಲಿ ಸೇರಿದೆವು. ಹೊಸ ಸರ್ವರ್ ಬಂದ ಮೇಲೆ ಸಾಲೇ ಇಲ್ಲ, ಪಂಜಿನ ಚಿತ್ರ ಕಣ್ಣಿಗೂ ಬೀಳುವುದಿಲ್ಲ. ಮದ್ದಿನಪೆಟ್ಟಿಗೆಯವರು ಮೊಬೈಲಿನಿಂದ ಗುಂಪಿನಲ್ಲಿದ್ದರು, ಮನೆಗೆ ಈಗಷ್ಟೇ ಮೀಟರಿನವನು ಬಂದಿದ್ದಾನೆಂದರು. ಹೊಸ ಹೆಸರು ಬೇಕಿತ್ತು. ಗುರಾಣಿಯವರು ‘ಹೊಸ ಅಜೇಯ ಪಡೆ’ ಎಂದರು. ಸೋತು ಬಂದವರಿಗೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಇನ್ನೊಬ್ಬರು ತಳ್ಳಿಹಾಕಿದರು.

ಮದ್ದಿನಪೆಟ್ಟಿಗೆಯವರು ಬರೆದರು: “ನನ್ನ ಮಾತು ಕೇಳೋದಾದ್ರೆ ‘ಸ್ವಲ್ಪ ಕಾಯಿರಿ ಪಡೆ’ ಅಂತಿಡಿ. ಹತ್ತು ದಿನ ನಾವೆಲ್ಲ ಮಾಡಿದ್ದು ಅದೊಂದೇ ತಾನೆ? ಶತ್ರುಗಳು ಓದ್ಕೊಂಡು ನಿಂತೇಬಿಡ್ಲಿ.”

ಎಲ್ಲರೂ ನಕ್ಕು ಒಪ್ಪಿದರು. ಒಂದನೇ ನಿಯಮದ ಪ್ರಕಾರ ಕೊನೆಯ ಮಾತು ನನ್ನದು. ಒಪ್ಪುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

“ಅಂದ ಹಾಗೆ ನೀರಿನ ಕೆಲಸ ಆಯ್ತು” ಎಂದು ಅವರೇ ಮುಂದುವರಿಸಿದರು. “ಆ ಕೌಂಟರಲ್ಲಿ ಹೋದ ಸಲ ಬರೀ ತಲೆಯ ನೆತ್ತಿ ಕಾಣ್ತಿತ್ತು, ಇವತ್ತು ಮುಖ ಇತ್ತು. ಎದ್ದು ನಿಂತು ಮಾತಾಡಿದ್ರು. ಬೇರೆಯವರನ್ನ ಹಾಕಿರಬೇಕು.”

“ಬೇರೆಯವರೇ ಇರಬೇಕು” ಎಂದು ನಾನೂ ಬರೆದೆ.

ಕಲ್ಲಿನ ಮೇಲೆ ಕೈಯಿಡುವ ಮುನ್ನ ದಳಪತಿ ಪಡೆಯ ಲಾಂಛನ ಬಿಡಿಸಬೇಕು. ಹಳೆಯದರಲ್ಲಿ ಸಿಂಹವಿತ್ತು. ಈ ಹೆಸರಿಗೆ ಸಿಂಹ ಹೊಂದುತ್ತದೆಯೆ? ನಾನು ಅಷ್ಟೇನೂ ಯೋಚಿಸಲಿಲ್ಲ, ಕೈಗೆ ಬಂದದ್ದನ್ನು ಬಿಡಿಸಿ ಎಲ್ಲರಿಗೂ ಕಳಿಸಿದೆ. ಚೆನ್ನಾಗಿದೆ ಎಂದು ಗುರಾಣಿಯವರು ಹೇಳಿದ ಮೇಲೆಯೇ ನಾನು ಅದನ್ನು ಸರಿಯಾಗಿ ನೋಡಿದ್ದು. ಹಳದಿ ಹೂವು. ಒಂದು ಎಸಳು ಸೊಟ್ಟ.

ಮದ್ದಿನಪೆಟ್ಟಿಗೆಯವರನ್ನು ಬಿಟ್ಟು ಉಳಿದವರೆಲ್ಲ ಹೌದೆಂದರು. ಆಮೇಲೆ ಗುಂಪಿಗಲ್ಲ, ನನಗೊಬ್ಬನಿಗೇ ಒಂದು ಸಂದೇಶ ಬಂತು.

“ಬೇರೆಯವರಲ್ಲ ಅನ್ಸತ್ತೆ, ದಳಪತಿಗಳೇ. ಹೋಗ್ಲಿ ಬಿಡಿ, ನಿಯಮ ನಾಲ್ಕು ಇದೆಯಲ್ಲ. ಕೊಳಾಯಿ ಬಿಟ್ಟಿದೀನಿ, ನೀರು ಬರ್ತಾ ಇದೆ. ಇದ್ದಬದ್ದ ಬಕೆಟ್ಟೆಲ್ಲ ತುಂಬಿಸಿ, ಮುಖ ತೊಳ್ಕೊಂಡು ಬರ್ತೀನಿ. ಸ್ವಲ್ಪ ಕಾಯಿರಿ.”

ಇದನ್ನು ಬರೆಯುತ್ತಿರುವುದು ಕಾಯುತ್ತಲೇ. ಇಲ್ಲೂ ಕೀಲಿ ಒತ್ತದೆ ಕೂತರೆ ಆಚೆ ಹಾಕುತ್ತಾರೆ, ಹಾಗಾಗಿ ಎಡಗೈ ಕೀಲಿಯ ಮೇಲಿದೆ, ಪೇಪರ್‌ವೇಟನ್ನು ನಾಳೆ ಕಚೇರಿಗೆ ಹಿಂದಿರುಗಿಸಬೇಕು. ಒಂಬತ್ತು ಜನ ಕಲ್ಲಿನ ಸುತ್ತ ನಿಂತಿದ್ದೇವೆ. ಎಷ್ಟು ಹೊತ್ತು ಎಂದು ಇನ್ನೂ ಯಾರೂ ಕೇಳಿಲ್ಲ.